ಹಿನ್ನೀರಿನ ದೋಣಿಗೆ ಬ್ಲೋವರ್ ಎಂಜಿನ್: ಕ್ಯಾಮ್ ಆರಿಸಿ, ಅಳೆದು, ಕೂರಿಸಿದ ವಿವರ

ಬಳ್ಳಾರಿಯ ಬೆಂಚಿನ ಮೇಲಿರುವುದು ಷೆವರ್ಲೆ ಸ್ಮಾಲ್ ಬ್ಲಾಕ್ 350, ಅಂದರೆ 5.7 ಲೀಟರಿನ ವಿ8. ಗೋವಾ ಕಡೆ ಉಪ್ಪುನೀರಿನಲ್ಲಿ ದುಡಿದು ಬಂದ 21 ಅಡಿಯ ಫೈಬರ್ ದೋಣಿಯದು, ಹಿಂಬದಿಗೆ ಸ್ಟರ್ನ್‌ಡ್ರೈವ್, ಅಂದರೆ ಎಂಜಿನ್ ದೋಣಿಯ ಒಳಗೆ, ಗೇರ್ ಮತ್ತು ಪ್ರೊಪೆಲ್ಲರ್ ಹಿಂಬದಿಯ ಹೊರಗೆ. ಇನ್ನು ಓಡಬೇಕಾದದ್ದು ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ, ತುಂಬಾ ಜನ ಹತ್ತಿಸಿಕೊಂಡು, ಒಮ್ಮೊಮ್ಮೆ ಇನ್ನೊಂದು ದೋಣಿ ಎಳೆದುಕೊಂಡು. ಬೇಕಾದದ್ದು ಮೇಲಿನ ವೇಗವಲ್ಲ. ಹೊರೆ ಇದ್ದಾಗ ದೋಣಿ ಬೇಗ ಮೂತಿ ಇಳಿಸಿ ನೀರಿನ ಮೇಲೆ ಬರಬೇಕು. ಅದಕ್ಕೇ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ರೂಟ್ಸ್ ಮಾದರಿಯ 177 ಕ್ಯೂಬಿಕ್ ಇಂಚಿನ ಬ್ಲೋವರ್, 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗಿನ ಬೂಸ್ಟ್, ಅಂದರೆ ಹೊರಗಾಳಿಗಿಂತ ಹೆಚ್ಚಿನ ಒತ್ತಡ.

ಬ್ಲೋವರ್ ಎಂದ ಕೂಡಲೇ ಬಹಳ ಜನ ಕೈ ಹಾಕುವುದು ದೊಡ್ಡ ಕ್ಯಾಮ್‌ಗೆ. ಕ್ಯಾಮ್ ಅಂದರೆ ತನ್ನ ಉಬ್ಬುಗಳಿಂದ, ಅಂದರೆ ಲೋಬುಗಳಿಂದ, ವಾಲ್ವುಗಳನ್ನು ತೆರೆದು ಮುಚ್ಚುವ ದಂಡ; ದೊಡ್ಡದು ಅಂದರೆ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವುದು. ಇದರೊಳಗೂ ಹಾಗೆ ಯಾರೋ ಹಾಕಿದ್ದ ಕಾರಿನ ರೇಸ್ ಕ್ಯಾಮ್ ಇತ್ತು, ಅದೂ ಬ್ಲೋವರ್ ಇಲ್ಲದೆಯೇ. ಹೆಡ್ ಬಿಚ್ಚಿದಾಗ ಅದರ ಫಲ ಕಂಡಿತು: 5 ಮತ್ತು 7ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಕಾಂಡದ ಮೇಲೆ ಕಿತ್ತಳೆ ತುಕ್ಕು, ಸೀಟಿನ ಸುತ್ತ ಸೂಜಿಯಿಂದ ಚುಚ್ಚಿದಂಥ ಗುಳಿಗಳು, ಪ್ಲಗ್ಗಿನ ಉಕ್ಕಿನ ಭಾಗವೂ ಕೆಂಪು. ಉಳಿದ ಆರು ಸಿಲಿಂಡರಿನಲ್ಲಿ ಬರೀ ಮಸಿ.

ಇದಕ್ಕೆ ತಕ್ಷಣ ಕ್ಯಾಮನ್ನೇ ದೂರುವುದು ತಪ್ಪು. ದೋಣಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಕದ ಕಬ್ಬಿಣ, ಅದರ ಹೊರಗೋಡೆಯೊಳಗೆ ನೀರು ಹರಿಯುತ್ತದೆ; ಉಪ್ಪುನೀರು ಕೆಲವೇ ವರ್ಷಗಳಲ್ಲಿ ಅದನ್ನು ಒಳಗಿಂದ ತಿನ್ನುತ್ತದೆ. ಆದ್ದರಿಂದ ಮೊದಲು ಮ್ಯಾನಿಫೋಲ್ಡ್ ಮತ್ತು ಅದರ ಮೇಲೆ ಕೂರುವ ಕೊಳವೆಯಾದ ರೈಸರಿನ ಬಾಯಿಗಳಿಗೆ ತಗಡು, ರಬ್ಬರ್ ಹಾಕಿ ಮುಚ್ಚಿ, 15 ಪಿಎಸ್‌ಐ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹದಿನೈದು ನಿಮಿಷ ಬಿಡಬೇಕು. ಇಲ್ಲಿ ಗುಳ್ಳೆ ಬರಲಿಲ್ಲ. ಹೆಡ್ ಪ್ಯಾಕಿಂಗಿನ ಮೇಲೂ ನೀರು ದಾಟಿದ ಗುರುತಿರಲಿಲ್ಲ. ಆದರೆ ರೈಸರಿನ ಒಣ ಭಾಗದಲ್ಲಿ, ನೀರು ಎಕ್ಸಾಸ್ಟಿಗೆ ಬೆರೆಯುವ ಜಾಗಕ್ಕಿಂತ ಮೇಲೆ, ಮಸಿ ತೊಳೆದುಹೋಗಿ ಗೆರೆ ಗೆರೆಯಾಗಿತ್ತು. ನೀರು ಮೇಲಕ್ಕೆ ಹತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹತ್ತುವುದು ಹೇಗೆಂದರೆ: ದೋಣಿಯ ಎಕ್ಸಾಸ್ಟ್ ಒದ್ದೆ. ಬಿಸಿ ಹೊಗೆಗೆ ರೈಸರಿನ ತುದಿಯಲ್ಲಿ ತಣ್ಣೀರು ಬೆರೆಸಿ, ಎರಡನ್ನೂ ರಬ್ಬರ್ ಹೋಸಿನಲ್ಲಿ ಹೊರಗೆ ಬಿಡುತ್ತಾರೆ. ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಒತ್ತದೆ ಎಂಜಿನ್ ನಿಧಾನಕ್ಕೆ ತಿರುಗುವಾಗ, ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಬಲವಾದ ವ್ಯಾಕ್ಯೂಮ್ ಇರುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಟೇಕ್ ತೆರೆದುಕೊಂಡರೆ, ಅಂದರೆ ಓವರ್‌ಲ್ಯಾಪ್ ಹೆಚ್ಚಿದ್ದರೆ, ಆ ವ್ಯಾಕ್ಯೂಮ್ ಎಕ್ಸಾಸ್ಟನ್ನೇ ಹಿಂದಕ್ಕೆ ಎಳೆಯುತ್ತದೆ. ಹೊಗೆಯ ಜೊತೆ ನೀರಿನ ಹನಿಯೂ ಬರುತ್ತದೆ. 5 ಮತ್ತು 7ಕ್ಕೆ ಮೊದಲು ಪೆಟ್ಟು ಬಿದ್ದದ್ದಕ್ಕೂ ಲೆಕ್ಕವಿದೆ. ಈ ಎಂಜಿನ್ನಿನ ಫೈರಿಂಗ್ ಕ್ರಮ 1-8-4-3-6-5-7-2. ಒಂದೇ ಸಾಲಿನಲ್ಲಿ, ಒಂದೇ ಮ್ಯಾನಿಫೋಲ್ಡಿನಲ್ಲಿ ಪಕ್ಕಪಕ್ಕದ 5, 7 ಬೆನ್ನುಬೆನ್ನಿಗೆ ಉರಿಯುತ್ತವೆ. ಅಲ್ಲಿ ಒತ್ತಡದ ಏರಿಳಿತ ಜಾಸ್ತಿ.

ಹಳೆಯ ಕ್ಯಾಮನ್ನು ಅಳೆದದ್ದು

ಹಳೆಯದರ ಮೇಲೆ ಪಾರ್ಟ್ ನಂಬರ್ ಅಳಿಸಿತ್ತು. ಅಂಥದ್ದನ್ನು ಲೇತಿನ ಎರಡು ಸೆಂಟರಿನ ನಡುವೆ ಹಿಡಿದು, ಚಕ್ಕಿಗೆ ಡಿಗ್ರಿ ಚಕ್ರ ಕಟ್ಟಿ, ಟೂಲ್ ಪೋಸ್ಟಿಗೆ ಡಯಲ್ ಗೇಜ್ ಹಾಕಿದರೆ ಅರ್ಧ ಗಂಟೆಯಲ್ಲಿ ಜಾತಕ ಸಿಗುತ್ತದೆ. ಡಯಲ್ಲಿನ ಮೊನೆ ಕ್ಯಾಮಿನ ನಡುರೇಖೆಗೆ ನೇರವಾಗಿರಬೇಕು, ತುದಿ ಚಪ್ಪಟೆಯಾಗಿರಬೇಕು, ಇಲ್ಲದಿದ್ದರೆ ಡಿಗ್ರಿ ಸುಳ್ಳು ಹೇಳುತ್ತದೆ. ಲೋಬಿನ ಏರಿಕೆ 1.27 ಮಿ.ಮೀ. ಅಂದರೆ 50 ಥೌ (ಒಂದು ಥೌ ಇಂಚಿನ ಸಾವಿರದ ಒಂದು ಭಾಗ) ಆದ ಕಡೆಯಿಂದ, ಇಳಿಯುವಾಗ ಮತ್ತೆ 50 ಥೌ ಬರುವವರೆಗೆ ಎಣಿಸಬೇಕು. ಇದೇ ಡ್ಯುರೇಷನ್, ವಾಲ್ವ್ ತೆರೆದಿರುವ ಅವಧಿ. ಕ್ಯಾಮ್ ಒಂದು ಸುತ್ತಿಗೆ ಕ್ರ್ಯಾಂಕ್ ಎರಡು ಸುತ್ತು, ಆದ್ದರಿಂದ ಬಂದ ಡಿಗ್ರಿಯನ್ನು ಇಮ್ಮಡಿ ಮಾಡಬೇಕು. ಲೋಬ್ ಸೆಪರೇಷನ್, ಅಂದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬುಗಳ ತುದಿಗಳ ನಡುವಿನ ಕೋನ, ಮಾತ್ರ ಕ್ಯಾಮ್ ಡಿಗ್ರಿಯಲ್ಲೇ ಹೇಳುವುದು, ಅದನ್ನು ಇಮ್ಮಡಿ ಮಾಡಬಾರದು.

ಸಿಕ್ಕ ಅಳತೆ: ಇನ್‌ಟೇಕ್ 115 ಇಮ್ಮಡಿಯಾಗಿ 230 ಡಿಗ್ರಿ, ಎಕ್ಸಾಸ್ಟ್ 118 ಇಮ್ಮಡಿಯಾಗಿ 236, ಲೋಬ್ ಸೆಪರೇಷನ್ 110. ಲೋಬ್ ಏರಿಕೆ 8.13 ಮಿ.ಮೀ.; ರಾಕರ್ ಅನುಪಾತ 1.5, ಆದ್ದರಿಂದ ವಾಲ್ವಿನ ಬಳಿ 12.2.

ಓವರ್‌ಲ್ಯಾಪ್ ಲೆಕ್ಕ ಸುಲಭ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಡ್ಯುರೇಷನ್ ಕೂಡಿ ಅರ್ಧ ಮಾಡಿ, ಅದರಿಂದ ಲೋಬ್ ಸೆಪರೇಷನ್ನಿನ ಎರಡರಷ್ಟು ಕಳೆಯಿರಿ. ಇಲ್ಲಿ 233ರಿಂದ 220 ಕಳೆದರೆ 13 ಡಿಗ್ರಿ. ಇದು 50 ಥೌ ಲೆಕ್ಕದ್ದು. ಸಾಮಾನ್ಯ ಎತ್ತರದ ರೈಸರ್ ಇರುವ ಒದ್ದೆ ಎಕ್ಸಾಸ್ಟಿಗೆ ಈ ಸಂಖ್ಯೆ ಸೊನ್ನೆಗಿಂತ ಕೆಳಗೆ ಇರಲಿ ಅನ್ನುವುದು ನಮ್ಮ ಗೆರೆ. ಸೊನ್ನೆಯ ಹತ್ತಿರ ಹೋದರೆ ರೈಸರ್ ಎತ್ತರಿಸಬೇಕು, ದಾಟಿದರೆ ಒಣ ಎಕ್ಸಾಸ್ಟೇ ಬೇಕು. ಹದಿಮೂರಕ್ಕೆ ತುಕ್ಕು ಹಿಡಿಯದೆ ಇನ್ನೇನು!

ಏಕೆ ಚಿಕ್ಕದು, ಏಕೆ ಅಗಲ

ಕ್ಯಾಟಲಾಗಿನಿಂದ ಬೇರೆ ಎರಡು ಕ್ಯಾಮ್ ಮುಂದಿಟ್ಟುಕೊಂಡೆವು. ಮೊದಲನೆಯದು 204/214 ಡಿಗ್ರಿ, ಸೆಪರೇಷನ್ 112. ಓವರ್‌ಲ್ಯಾಪ್ ಮೈನಸ್ 15. ಎರಡನೆಯದು 214/224, ಸೆಪರೇಷನ್ 114. ಓವರ್‌ಲ್ಯಾಪ್ ಮೈನಸ್ 9. ಸೀಟಿನಿಂದ ಸೀಟಿಗೆ, ಅಂದರೆ 6 ಥೌ ಏರಿಕೆಯಲ್ಲಿ ಅಳೆದರೆ ಎರಡನೆಯದು 264/274, ಓವರ್‌ಲ್ಯಾಪ್ 41. ಕ್ಯಾಟಲಾಗುಗಳು ಒಂದೊಂದು ಸಲ ಒಂದೊಂದು ಅಳತೆ ಕೊಡುತ್ತವೆ. ಒಂದು ಕಂಪನಿಯ 50 ಥೌ ಸಂಖ್ಯೆಯನ್ನು ಇನ್ನೊಂದರ ಸೀಟ್ ಸಂಖ್ಯೆಗೆ ಹೋಲಿಸಿ ಕೂತರೆ ರಾತ್ರಿಯಿಡೀ ಕೂಡಿ ಕಳೆದರೂ ತಾಳೆಯಾಗುವುದಿಲ್ಲ.

ಬ್ಲೋವರ್ ಇಲ್ಲದ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಳ್ಳಬೇಕು, ಅದಕ್ಕೇ ಇನ್‌ಟೇಕ್ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವುದು, ಹೊರಹೋಗುವ ಹೊಗೆಯ ಎಳೆತವನ್ನು ಓವರ್‌ಲ್ಯಾಪಿನಲ್ಲಿ ಬಳಸಿಕೊಳ್ಳುವುದು. ಬ್ಲೋವರ್ ಬಂದ ಮೇಲೆ ಗಾಳಿ ತಳ್ಳುವ ಕೆಲಸ ಅದರದು. ಆಗ ಓವರ್‌ಲ್ಯಾಪ್ ಲಾಭದ ಬದಲು ಸೋರಿಕೆಯಾಗುತ್ತದೆ: ಒತ್ತಡದ ಗಾಳಿ ಒಂದು ಬಾಗಿಲಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಕಾರ್ಬುರೇಟರ್ ಬ್ಲೋವರಿನ ಮೇಲೆ ಕೂತಿರುವುದರಿಂದ ಹೋಗುವುದು ಬರೀ ಗಾಳಿಯಲ್ಲ, ಪೆಟ್ರೋಲ್ ಬೆರೆತ ಗಾಳಿ. ಅದು ಎಕ್ಸಾಸ್ಟಿನಲ್ಲಿ ಉರಿಯುತ್ತದೆ, ಇಲ್ಲವೇ ಉರಿಯದೆ ಹೊರಬೀಳುತ್ತದೆ. ಮುಚ್ಚಿದ ಎಂಜಿನ್ ಕೋಣೆಯ ದೋಣಿಯಲ್ಲಿ ಎರಡೂ ಒಳ್ಳೆಯದಲ್ಲ. ದೊಡ್ಡ ಹಡಗಿನ ನಾಲ್ಕು ಸ್ಟ್ರೋಕ್ ಡೀಸೆಲ್‌ಗಳಲ್ಲಿ ಓವರ್‌ಲ್ಯಾಪ್ 100 ಡಿಗ್ರಿ ದಾಟುವುದುಂಟು, ಆದರೆ ಅಲ್ಲಿ ದಾಟಿಹೋಗುವುದು ಶುದ್ಧ ಗಾಳಿ, ವಾಲ್ವನ್ನೂ ತಣ್ಣಗಿಡುತ್ತದೆ. ಆ ಉದಾಹರಣೆ ಕಾರ್ಬುರೇಟರಿನ ಪೆಟ್ರೋಲ್ ಎಂಜಿನ್ನಿಗೆ ಹೊಂದುವುದಿಲ್ಲ.

ಬೂಸ್ಟ್ ಗೇಜ್ ಓದುವಾಗಲೂ ಇದನ್ನು ಮನಸ್ಸಿನಲ್ಲಿಡಬೇಕು. ಬೂಸ್ಟ್ ಅಂದರೆ ಎಂಜಿನ್ ನುಂಗಲಾರದೆ ಮ್ಯಾನಿಫೋಲ್ಡಿನಲ್ಲಿ ಉಳಿದ ಒತ್ತಡ. ಅದೇ ಪುಲಿ, ಅದೇ ಬ್ಲೋವರ್ ಇಟ್ಟು ದೊಡ್ಡ ಕ್ಯಾಮ್ ಹಾಕಿದರೆ ಗೇಜಿನ ಮುಳ್ಳು ಇಳಿಯುತ್ತದೆ. ಅದನ್ನು ನೋಡಿ ಚಿಕ್ಕ ಪುಲಿ ಹಾಕಿದರೆ ಬ್ಲೋವರ್ ಬರೀ ಬಿಸಿಯಾಗುತ್ತದೆ.

ಪ್ರೊಪೆಲ್ಲರ್ ಕಡೆಯಿಂದ ನೋಡಿದರೂ ಉತ್ತರ ಅದೇ. ಪ್ರೊಪೆಲ್ಲರ್ ಕೇಳುವ ಪವರ್ ಸುಮಾರಾಗಿ ಆರ್‌ಪಿಎಂನ ಘನದಂತೆ ಏರುತ್ತದೆ. 4,800ರಲ್ಲಿ ಕೇಳುವುದರ ಶೇ 42ರಷ್ಟು ಮಾತ್ರ 3,600ರಲ್ಲಿ ಸಾಕು. ಆದರೆ ದೋಣಿ ಇನ್ನೂ ನೀರು ಬಿಟ್ಟು ಮೇಲೆದ್ದಿಲ್ಲ, ಹಿಂಬದಿ ಕುಸಿದು ಮೂತಿ ಮೇಲಾಗಿದೆ ಅಂದಾಗ 2,500ರಿಂದ 3,500ರೊಳಗೆ ಎಂಜಿನ್ ಉಸಿರುಗಟ್ಟುತ್ತದೆ. ಟಾರ್ಕ್ ಬೇಕಾದದ್ದು ಅಲ್ಲಿ. ಈ ಜಾತಿಯ ಎಂಜಿನ್ನಿಗೆ ಪೂರ್ತಿ ಥ್ರಾಟಲ್ಲಿನ ಸೀಮೆಯೇ 4,400ರಿಂದ 4,800. 6,000ದಲ್ಲಿ ಪವರ್ ಕೊಡುವ ಕ್ಯಾಮ್ ಇಲ್ಲಿ ಯಾವತ್ತೂ ತನ್ನ ಜಾಗಕ್ಕೆ ಹೋಗಿ ಮುಟ್ಟುವುದಿಲ್ಲ.

ಇನ್ನೊಂದು, ಸ್ಟರ್ನ್‌ಡ್ರೈವಿನ ಗೇರ್ ಹಲ್ಲಿಗೆ ಹಲ್ಲು ಸಿಕ್ಕಿಸುವ ಡಾಗ್ ಕ್ಲಚ್ಚಿನದು. ಐಡಲ್ 650–700ರಲ್ಲಿ ಸ್ಥಿರವಾಗಿ ನಿಲ್ಲದೆ 900ಕ್ಕೆ ಏರಿಸಿಟ್ಟರೆ ಗೇರ್ ಹಾಕಿದಾಗಲೆಲ್ಲ ಠಣ್ ಅನ್ನುತ್ತದೆ, ಡಾಗಿನ ಮೂಲೆ ದುಂಡಾಗುತ್ತದೆ. ಕಾರಿನಲ್ಲಿ ಕೇಳಲು ಚೆಂದವಾದ ಆ ಗುಡುಗುಡು ಐಡಲ್ ಇಲ್ಲಿ ಗೇರ್‌ಬಾಕ್ಸಿನ ಖರ್ಚು.

ಮೊದಲ ಕ್ಯಾಮ್ ಹಾಕಿದ್ದರೂ ದೋಣಿ ಚೆನ್ನಾಗಿಯೇ ಓಡುತ್ತಿತ್ತು. ಎರಡನೆಯದನ್ನು ಹಿಡಿದದ್ದು ಎಕ್ಸಾಸ್ಟಿನ ಸಲುವಾಗಿ. ಬೂಸ್ಟ್ ಇರುವ ಸಿಲಿಂಡರಿನಿಂದ ಹೊರಹೋಗಬೇಕಾದ ಹೊಗೆ ಹೆಚ್ಚು. ಒದ್ದೆ ಮ್ಯಾನಿಫೋಲ್ಡ್ ದಾರಿ ಇಕ್ಕಟ್ಟು. 110 ಡಿಗ್ರಿ ಇನ್‌ಟೇಕ್ ಸೆಂಟರ್‌ಲೈನಿನಲ್ಲಿ, ಅಂದರೆ ಪಿಸ್ಟನ್ ತುದಿ ಮುಟ್ಟಿದ 110 ಡಿಗ್ರಿಗೆ ಇನ್‌ಟೇಕ್ ಪೂರ್ತಿ ತೆರೆಯುವಂತೆ, ಕೂರಿಸಿದರೆ ಎಕ್ಸಾಸ್ಟ್ ಸೆಂಟರ್‌ಲೈನ್ 118. 50 ಥೌ ಲೆಕ್ಕದಲ್ಲಿ ಇನ್‌ಟೇಕ್ ತೆರೆಯುವುದು ಟಿಡಿಸಿ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) ಆದ 3 ಡಿಗ್ರಿಗೆ, ಮುಚ್ಚುವುದು ಬಿಡಿಸಿ (ಪಿಸ್ಟನ್ ಪೂರ್ತಿ ಕೆಳಗಿರುವ ಜಾಗ) ಆದ 37ಕ್ಕೆ. ಎಕ್ಸಾಸ್ಟ್ ತೆರೆಯುವುದು ಬಿಡಿಸಿಗೆ 50 ಮುಂಚೆ, ಮುಚ್ಚುವುದು ಟಿಡಿಸಿಗೆ 6 ಮುಂಚೆ. ಎಕ್ಸಾಸ್ಟ್ ಬೇಗ ತೆರೆದು ಸ್ವಲ್ಪ ಒತ್ತಡ ವ್ಯರ್ಥವಾಗುತ್ತದೆ ನಿಜ, ಬೂಸ್ಟ್ ಇರುವಲ್ಲಿ ಅದು ಹೆಚ್ಚಾಗಿಯೇ ಇರುತ್ತದೆ. 

ನಮ್ಮ ಕಡೆಯ ಗಾಳಿ, ನಮ್ಮ ಕಡೆಯ ಪೆಟ್ರೋಲ್

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಹತ್ತಿರ ಹತ್ತಿರ 500 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ 6ರಷ್ಟು ಕಡಿಮೆ. ಮೇ ತಿಂಗಳ 42 ಡಿಗ್ರಿ ಬಿಸಿಲನ್ನೂ ಸೇರಿಸಿದರೆ, 15 ಡಿಗ್ರಿಯ ಸಮುದ್ರಮಟ್ಟದ ಗಾಳಿಗಿಂತ ಸಾಂದ್ರತೆ ಶೇ 14ರಷ್ಟು ಇಳಿಯುತ್ತದೆ. ಬ್ಲೋವರ್ ಪ್ರತಿ ಸುತ್ತಿಗೆ ಇಷ್ಟು ಲೀಟರ್ ಎಂದು ತಳ್ಳುವ ಯಂತ್ರ. ಬೋರ್ 30 ಥೌ ಹೆಚ್ಚಿಸಿದ ಮೇಲೆ 355 ಕ್ಯೂಬಿಕ್ ಇಂಚಾದ ಎಂಜಿನ್ ಒಂದು ಸುತ್ತಿಗೆ 177.5 ಕುಡಿಯುತ್ತದೆ, ಬ್ಲೋವರೂ ಸುತ್ತಿಗೆ 177. ಸಮ ವೇಗದಲ್ಲಿ ತಿರುಗಿದರೆ ಬೂಸ್ಟೇ ಇಲ್ಲ, ಬ್ಲೋವರ್ ಹೆಚ್ಚು ವೇಗವಾಗಿ ತಿರುಗಬೇಕು. ಸಮುದ್ರಮಟ್ಟಕ್ಕೆ 6 ಪಿಎಸ್‌ಐ ಕೊಡುವ ಪುಲಿ ನಮ್ಮಲ್ಲಿ 5.6ರ ಆಸುಪಾಸು ಕೊಡುತ್ತದೆ. ಕ್ಯಾಟಲಾಗಿನ ಸಂಖ್ಯೆ ಬರಲಿಲ್ಲವೆಂದು ಪುಲಿ ಬದಲಿಸುವ ಅಗತ್ಯವಿಲ್ಲ.

ಶಾಖದ ಲೆಕ್ಕ ಇದಕ್ಕಿಂತ ಗಂಭೀರ. 42 ಡಿಗ್ರಿಯಲ್ಲಿ ಒಳಹೋದ ಗಾಳಿಯನ್ನು 1.41 ಪಟ್ಟು ಒತ್ತಡಕ್ಕೆ ಏರಿಸುವಾಗ, ರೂಟ್ಸ್ ಬ್ಲೋವರಿನ ದಕ್ಷತೆ ಶೇ 55 ಎಂದು ಹಿಡಿದರೆ, ಹೊರಬರುವುದು ಸುಮಾರು 100 ಡಿಗ್ರಿಯಲ್ಲಿ. ಪೆಟ್ರೋಲ್ ಆವಿಯಾಗುವಾಗ ಸ್ವಲ್ಪ ತಣಿಸುತ್ತದೆ. ಆದರೆ ಎಂಜಿನ್ ಕೋಣೆಯ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿರುತ್ತದೆ. ಆದ್ದರಿಂದ ಕಂಪ್ರೆಷನ್ ಅನುಪಾತವನ್ನು 8.5ಕ್ಕೆ ಕಟ್ಟಿಹಾಕಿದ್ದು. ವೋರ್ಟೆಕ್ (ಷೆವರ್ಲೆಯ ಒಂದು ಹೆಡ್ ಮಾದರಿ) ಹೆಡ್ಡಿನ ಚೇಂಬರ್ 64 ಸಿಸಿ, ಪ್ಯಾಕಿಂಗ್ 9, ಡೆಕ್ (ಬ್ಲಾಕಿನ ಮೇಲ್ಮೈ) ಸಂದು 1, ಪಿಸ್ಟನ್ ತಲೆಯ ಗುಣಿ 23: ಒಟ್ಟು 97. ಡೆಕ್ಕಿನಲ್ಲಿ ಪಿಸ್ಟನ್ 5 ಥೌ ಕೆಳಗೆ, ಪ್ಯಾಕಿಂಗ್ 41 ಥೌ, ಸೇರಿ 46 ಥೌ. ಪಿಸ್ಟನ್ನಿನ ಚಪ್ಪಟೆ ಅಂಚು ಹೆಡ್ಡಿಗೆ ಇಷ್ಟು ಹತ್ತಿರ ಬಂದರೆ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಬಡಿಯುವುದು) ಕಡಿಮೆ. ಕಂಪ್ರೆಷನ್ ಇಳಿಸಬೇಕೆಂದು ದಪ್ಪ ಪ್ಯಾಕಿಂಗ್ ಹಾಕುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ. ಗುಣಿಯಿರುವ ಪಿಸ್ಟನ್ ಸರಿಯಾದ ದಾರಿ. ಈ ಕ್ಯಾಮ್ ಇನ್‌ಟೇಕನ್ನು ಸೀಟ್ ಲೆಕ್ಕದಲ್ಲಿ ಬಿಡಿಸಿ ಆದ 62ಕ್ಕೆ ಮುಚ್ಚುವುದರಿಂದ, ನಿಜಕ್ಕೂ ಒತ್ತುವ ಸ್ಟ್ರೋಕ್ 88.4ರಲ್ಲಿ 70.3 ಮಿ.ಮೀ. ಮಾತ್ರ, ಕಂಪ್ರೆಷನ್ 7ರಷ್ಟು. ಬೂಸ್ಟ್ ಅದರ ಮೇಲೆ.

ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್. ಪೂರ್ತಿ ಉರಿಯಲು ಬೇಕಾದ ಗಾಳಿ-ಪೆಟ್ರೋಲ್ ಅನುಪಾತ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಹಳೆಯ ಜೆಟ್ಟನ್ನೇ ಇಟ್ಟರೆ ಮಿಶ್ರಣ ತೆಳುವಾಗಿ, ಬೂಸ್ಟಿನಲ್ಲಿ ಪಿಸ್ಟನ್ ತೂತು ಬೀಳುತ್ತದೆ. ಶೇ 8–9 ಹೆಚ್ಚು ಹರಿವು ಬೇಕು, ಅಂದರೆ ಜೆಟ್ಟಿನ ವ್ಯಾಸ ಶೇ 4ರಷ್ಟು ಹೆಚ್ಚು. 95 ಆಕ್ಟೇನಿನದನ್ನೇ ಹಾಕುವುದು, ಒಟ್ಟು ಇಗ್ನಿಷನ್ ಅಡ್ವಾನ್ಸ್ 28 ಡಿಗ್ರಿಗಿಂತ ಮೇಲೆ ಹೋಗದಿರುವುದು, ಪ್ಲಗ್ ಒಂದು ಮಟ್ಟ ತಣ್ಣಗಿನದು. ಎಥನಾಲ್ ನೀರು ಹೀರುತ್ತದೆ. ದೋಣಿಯ ಟ್ಯಾಂಕಿಗೆ ಹೊರಗಾಳಿಯ ದಾರಿ ಇರುವುದರಿಂದ ಮಳೆಗಾಲದಲ್ಲಿ ತಳದಲ್ಲಿ ನೀರು-ಎಥನಾಲ್ ಬೇರೆಯಾಗಿ ನಿಲ್ಲುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ.

ರೋಲರೋ, ಚಪ್ಪಟೆ ಟ್ಯಾಪೆಟ್ಟೋ

ಟ್ಯಾಪೆಟ್ ಅಂದರೆ ಲೋಬಿನ ಮೇಲೆ ಕೂತು ಅದರ ಏರಿಳಿತವನ್ನು ವಾಲ್ವಿನ ಕಡೆಗೆ ದಾಟಿಸುವ ತುಂಡು. ಈ ಬ್ಲಾಕಿನಲ್ಲಿ ಹೈಡ್ರಾಲಿಕ್ ರೋಲರ್ ಟ್ಯಾಪೆಟ್ಟಿಗೆ ಬೇಕಾದ ಎತ್ತರದ ಗೂಡು, ಕ್ಯಾಮ್ ಮುಂದೆ ಸರಿಯದಂತೆ ತಡೆಯುವ ಮುಂಬದಿಯ ಥ್ರಸ್ಟ್ ಪ್ಲೇಟ್ ಎರಡೂ ಇವೆ, ಹಾಗಾಗಿ ರೋಲರನ್ನೇ ಆರಿಸಿದ್ದು. ಕೊಳ್ಳುವಾಗ ಒಂದು ಗುಂಡಿ ಇದೆ: 1987ಕ್ಕಿಂತ ಹಳೆಯ ಬ್ಲಾಕಿಗೆ ಮಾಡಿದ ರೆಟ್ರೊಫಿಟ್ ರೋಲರ್ ಕ್ಯಾಮಿನ ಮೂತಿ ಬೇರೆ, ಥ್ರಸ್ಟ್ ಪ್ಲೇಟ್ ಕೂರುವುದಿಲ್ಲ, ಟೈಮಿಂಗ್ ಸೆಟ್ಟಿನ ಬೋಲ್ಟ್ ವೃತ್ತವೂ ಬೇರೆ. ಇನ್ನೊಂದು ಗುಂಡಿ ಡಿಸ್ಟ್ರಿಬ್ಯೂಟರ್ ಗೇರಿನದು. ಎರಕದ ಕಬ್ಬಿಣದ ಕ್ಯಾಮಿಗೆ ಕಬ್ಬಿಣದ ಗೇರ್ ಸರಿ. ಉಕ್ಕಿನ ಕ್ಯಾಮಿಗೆ ಅದನ್ನೇ ಹಾಕಿದರೆ ಹಲ್ಲು ಸವೆದು ಪುಡಿ ಆಯಿಲ್ ಪಂಪಿಗೆ ಹೋಗುತ್ತದೆ. ಕ್ಯಾಮ್ ತಯಾರಕರು ಹೇಳಿದ ಗೇರನ್ನೇ ತರಿಸಬೇಕು. ಹಳೆಯ ಅವಳಿ ಎಂಜಿನ್ ದೋಣಿಯಿಂದ ಬಿಚ್ಚಿದ ಕ್ಯಾಮ್ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಅದು ತಿರುಗುವ ದಿಕ್ಕನ್ನು ಮೊದಲು ಕೇಳಿ. ಅಂಥ ದೋಣಿಗಳಲ್ಲಿ ಒಂದು ಎಂಜಿನ್ ಉಲ್ಟಾ ತಿರುಗುವುದುಂಟು.

ಹಳೆಯ ಬ್ಲಾಕ್ ಇದ್ದು ಚಪ್ಪಟೆ ಟ್ಯಾಪೆಟ್ಟೇ ಗತಿಯೆಂದರೆ ಮೊದಲ ಇಪ್ಪತ್ತು ನಿಮಿಷದಲ್ಲೇ ಅದರ ಆಯುಷ್ಯ ತೀರ್ಮಾನವಾಗುತ್ತದೆ. ಲೋಬಿಗೆ ಸಣ್ಣ ಓರೆ, ಟ್ಯಾಪೆಟ್ಟಿನ ಮುಖಕ್ಕೆ ಕಾಣದಷ್ಟು ಉಬ್ಬು ಇರುತ್ತದೆ. ಇದರಿಂದ ಟ್ಯಾಪೆಟ್ ತಿರುಗುತ್ತಾ ಇರುತ್ತದೆ. ತಿರುಗದಿದ್ದರೆ ಲೋಬ್ ಅರೆದುಹೋಗುತ್ತದೆ. ಆದ್ದರಿಂದ ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್, ಒಳಸ್ಪ್ರಿಂಗ್ ತೆಗೆದಿಟ್ಟು, ಸ್ಟಾರ್ಟ್ ಆದ ಕೂಡಲೇ 2,000–2,500 ಆರ್‌ಪಿಎಂ, ಐಡಲ್‌ಗೆ ಬಿಡಬಾರದು. ಆಯಿಲ್ ಹೊಸ ಪೆಟ್ರೋಲ್ ಕಾರಿನದು ಬೇಡ. ಅದರಲ್ಲಿ ಸತು-ರಂಜಕದ ಅಂಶ ಕಡಿಮೆ. ಅದಿರು ಲಾರಿಗಳಿಗೆ ಹಾಕುವ ಸಿಐ-4 ದರ್ಜೆಯ 15ಡಬ್ಲ್ಯೂ-40 ಊರಿನ ಯಾವ ಆಯಿಲ್ ಅಂಗಡಿಯಲ್ಲೂ ಇದೆ, ಅದು ಇದಕ್ಕೆ ಮೇಲು. ಬೂಸ್ಟಿಗೆ ಬೇಕಾದ ಗಟ್ಟಿ ಸ್ಪ್ರಿಂಗಿನ ಕೆಳಗೆ ಚಪ್ಪಟೆ ಟ್ಯಾಪೆಟ್ ಬಹಳ ದಿನ ಬಾಳುವುದು ಕಷ್ಟ, ಅದೂ ನೆನಪಿರಲಿ.

ಹೆಡ್ ಕೆಲಸ

49.3 ಮಿ.ಮೀ. ವ್ಯಾಸದ ಇನ್‌ಟೇಕ್ ವಾಲ್ವಿನ ಬೆನ್ನಿಗೆ 6 ಪಿಎಸ್‌ಐ ಒತ್ತಿದರೆ 8 ಕಿಲೋ ಭಾರ. ಅಷ್ಟು ಭಾರ ವಾಲ್ವನ್ನು ಸೀಟಿನಿಂದ ಎಬ್ಬಿಸಲು ನೋಡುತ್ತದೆ. ಸ್ಪ್ರಿಂಗಿನ ಸೀಟ್ ಒತ್ತಡಕ್ಕೆ ಅದನ್ನು ಕೂಡಿಸಿಕೊಳ್ಳಲೇಬೇಕು. 43.2 ಮಿ.ಮೀ. ಎತ್ತರಕ್ಕೆ 54 ಕಿಲೋ, ಪೂರ್ತಿ ತೆರೆದಾಗ 136 ಕಿಲೋ ಸಿಗುವ ಸ್ಪ್ರಿಂಗ್ ಹಾಕಿದ್ದು. ಹೊಸ ಕ್ಯಾಮಿನ ಲೋಬ್ 7.75, ವಾಲ್ವಿಗೆ 11.6 ಮಿ.ಮೀ.; ತೆರೆದಾಗ ಸ್ಪ್ರಿಂಗ್ 31.6ಕ್ಕೆ ಇಳಿಯುತ್ತದೆ. ಸುರುಳಿ ಸುರುಳಿಗೆ ತಾಗುವ ಎತ್ತರ 30ರೊಳಗೆ ಇರಬೇಕು, 1.5 ಮಿ.ಮೀ. ಉಳಿಯಲೇಬೇಕು. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬದೆ ಪ್ರತಿ ಸ್ಪ್ರಿಂಗನ್ನೂ ಒತ್ತಿ ನೋಡುವುದು ಒಳ್ಳೆಯದು. ತೂಕದ ಯಂತ್ರವಿಟ್ಟ ಕೈಪ್ರೆಸ್ ಸಾಕು.

ವೋರ್ಟೆಕ್ ಹೆಡ್ಡಿನ ಕುಂದು ವಾಲ್ವಿನ ಕಾಂಡ ಜಾರುವ ಗೈಡಿನ ಎತ್ತರ. ವಾಲ್ವಿನ ಏರಿಕೆ 12 ಮಿ.ಮೀ. ಹತ್ತಿರ ಹೋದರೆ ಸ್ಪ್ರಿಂಗಿನ ಮೇಲಿನ ಬಿಲ್ಲೆ, ಅಂದರೆ ರಿಟೇನರ್, ಬಂದು ಗೈಡಿನ ಮೇಲಿನ ಸೀಲಿಗೆ ಬಡಿಯುತ್ತದೆ. ಹಳೆಯ 12.2ರ ಕ್ಯಾಮ್ ಸೀಲುಗಳನ್ನು ಚಿಂದಿ ಮಾಡಿತ್ತು. 11.6ಕ್ಕೂ ಅಂತರ ಸಾಲದು. ಗೈಡಿನ ತಲೆಯನ್ನು 13.5 ಮಿ.ಮೀ. ವ್ಯಾಸಕ್ಕೆ ಕೊರೆದು, ಎತ್ತರ ಇಳಿಸಿ, ಅಂತರ 1.5ಕ್ಕೆ ತಂದದ್ದು. ಒತ್ತಿ ಕೂರಿಸಿದ ರಾಕರ್ ಸ್ಟಡ್ಡುಗಳು ಈ ಸ್ಪ್ರಿಂಗಿಗೆ ಮೆಲ್ಲಗೆ ಕಿತ್ತು ಮೇಲೆ ಬರುತ್ತವೆ, ಒಂದು ದಿನ ಒಂದು ಸಿಲಿಂಡರಿನ ವಾಲ್ವ್ ತೆರೆಯುವುದೇ ನಿಲ್ಲುತ್ತದೆ. ಹದಿನಾರನ್ನೂ ಕಿತ್ತು, ಟ್ಯಾಪ್ ಹೊಡೆದು, ತಿರುಪಿನ ಸ್ಟಡ್ ಹಾಕಿಸಬೇಕು. ಎಳೆಗೆ ಸೀಲಂಟ್ ಹಚ್ಚಿ. ಕೆಲವು ರಂಧ್ರ ಇನ್‌ಟೇಕ್ ದಾರಿಗೆ ತೆರೆದುಕೊಂಡಿರುತ್ತವೆ. ತಾನೇ ಸಾಲಿಗೆ ನಿಲ್ಲುವ ರಾಕರ್ ಇದ್ದರೆ ಗೈಡ್ ಪ್ಲೇಟ್ ಹಾಕಬಾರದು, ಎರಡೂ ಜಗಳಾಡಿ ಪುಶ್‌ರಾಡ್ ತಿನ್ನುತ್ತವೆ.

ಎಕ್ಸಾಸ್ಟ್ ಗೈಡಿನ ಸಡಿಲ 2 ಥೌಗಿಂತ ಕಡಿಮೆ ಬೇಡ. ಬಿಸಿಗೆ ಕಾಂಡ ಉಬ್ಬಿ ಸಿಕ್ಕಿಕೊಂಡರೆ ಪಿಸ್ಟನ್ ಬಂದು ಹೊಡೆಯುತ್ತದೆ. 

ಡಿಗ್ರಿ ಹಾಕಿದ್ದು

ಕ್ರ್ಯಾಂಕ್ ಮತ್ತು ಕ್ಯಾಮ್ ಗೇರುಗಳ ಮೇಲಿನ ಚುಕ್ಕೆಗೆ ಚುಕ್ಕೆ ಹೊಂದಿಸಿ ಮುಚ್ಚಿಬಿಡುವುದು ಮಾಮೂಲಿ ರಿಪೇರಿಗೆ ಸಾಕು, ಇದಕ್ಕೆ ಸಾಲದು. ಮೊದಲು ನಿಜವಾದ ಟಿಡಿಸಿ. ಒಂದನೇ ಸಿಲಿಂಡರಿನ ಡೆಕ್ಕಿಗೆ ಅಡ್ಡ ಪಟ್ಟಿ ಬಿಗಿದು ನಡುವೆ ಬೋಲ್ಟ್ ಇಳಿಬಿಟ್ಟು ಪಿಸ್ಟನ್ ತಡೆ ಮಾಡಿ, ಕ್ರ್ಯಾಂಕನ್ನು ಎರಡೂ ದಿಕ್ಕಿಗೆ ಕೈಯಿಂದ ತಿರುಗಿಸಿ ತಾಗಿದ ಕಡೆ ಡಿಗ್ರಿ ಬರೆದುಕೊಳ್ಳಬೇಕು. ಎರಡರ ನಡುವಿನದೇ ಟಿಡಿಸಿ. ಮುಳ್ಳನ್ನು ಅಲ್ಲಿಗೆ ಬಗ್ಗಿಸಿ. ಡಯಲ್ ಗೇಜನ್ನು ಇನ್‌ಟೇಕ್ ಟ್ಯಾಪೆಟ್ ಮೇಲಿಟ್ಟು ಪೂರ್ತಿ ಏರಿಕೆಯಲ್ಲಿ ಸೊನ್ನೆ ಮಾಡಿ, ಓಡುವ ದಿಕ್ಕಿನಲ್ಲೇ ತಿರುಗಿಸುತ್ತಾ, ಏರುವಾಗ ತುದಿಗೆ 50 ಥೌ ಬಾಕಿಯಿರುವ ಜಾಗ ಮತ್ತು ಇಳಿಯುವಾಗ 50 ಥೌ ಕಳೆದ ಜಾಗ ಗುರುತಿಸಬೇಕು. ಹಿಂದಕ್ಕೆ ತಿರುಗಿಸಿ ಹೊಂದಿಸಬಾರದು, ಚೈನಿನ ಸಡಿಲ ಅಳತೆಯೊಳಗೆ ಸೇರುತ್ತದೆ.

ಇಲ್ಲಿ ಓದಿದ್ದು 83 ಮತ್ತು 141, ಟಿಡಿಸಿ ಆದ ಮೇಲೆ. ಸರಾಸರಿ 112. ಬೇಕಾದದ್ದು 110, ಅಂದರೆ 2 ಡಿಗ್ರಿ ಹಿಂದೆ ಬಿದ್ದಿದೆ. ಮೂರು ಕೀವೇ (ಕೀಲಿ ಕೂರುವ ಗೀಟು) ಇರುವ ಕ್ರ್ಯಾಂಕ್ ಗೇರಿನಲ್ಲಿ 4 ಡಿಗ್ರಿಯ ಹೆಜ್ಜೆ ಮಾತ್ರ ಸಿಗುತ್ತದೆ. ಒಂಬತ್ತು ಕೀವೇಯದರಲ್ಲಿ 2ರ ಹೆಜ್ಜೆ. ಮುಂದಿನದಕ್ಕೆ ಕೂರಿಸಿದ ಮೇಲೆ 81 ಮತ್ತು 139. ಹಿಂದೆ ಬಿದ್ದ ಕ್ಯಾಮನ್ನು ಹಾಗೆಯೇ ಬಿಟ್ಟಿದ್ದರೆ ಇನ್‌ಟೇಕ್ ತಡವಾಗಿ ಮುಚ್ಚಿ ಕೆಳಗಿನ ಟಾರ್ಕ್ ಹೋಗುತ್ತಿತ್ತು, ದೋಣಿ ಮೇಲೇಳಬೇಕಾದ ಜಾಗದಲ್ಲೇ.

ವಾಲ್ವ್-ಪಿಸ್ಟನ್ ಅಂತರಕ್ಕೆ ಮಕ್ಕಳ ಕ್ಲೇ. ಪಿಸ್ಟನ್ ಮೇಲೆ ವಾಲ್ವ್ ಬರುವಲ್ಲಿ ಎರಡು ಉಂಡೆ ಒತ್ತಿ, ವಾಲ್ವಿಗೆ ಸ್ವಲ್ಪ ಎಣ್ಣೆ ಸವರಿ, ಬಳಸಿದ ಪ್ಯಾಕಿಂಗ್ ಇಟ್ಟು ಹೆಡ್ ಬಿಗಿದು, ಎರಡು ಸುತ್ತು ತಿರುಗಿಸಿ ಬಿಚ್ಚಿ. ಬ್ಲೇಡಿನಿಂದ ಕತ್ತರಿಸಿ ತೆಳುವಾದ ಕಡೆ ವರ್ನಿಯರಿನಲ್ಲಿ ಅಳೆಯಿರಿ. ಇನ್‌ಟೇಕಿಗೆ 2, ಎಕ್ಸಾಸ್ಟಿಗೆ 2.5 ಮಿ.ಮೀ. ಕನಿಷ್ಠ. ಈ ಪರೀಕ್ಷೆಯಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಹಾಕಿದರೆ ಅದು ಕುಸಿದು ಇಲ್ಲದ ಅಂತರ ತೋರಿಸುತ್ತದೆ, ಗಟ್ಟಿ ಟ್ಯಾಪೆಟ್ಟೇ ಬೇಕು. ಪುಶ್‌ರಾಡಿನ ಉದ್ದಕ್ಕೆ ವಾಲ್ವ್ ತುದಿಗೆ ಮಾರ್ಕರ್ ಶಾಯಿ ಹಚ್ಚಿ ತಿರುಗಿಸಿ ನೋಡಿ: ಉಜ್ಜಿದ ಗೆರೆ ಸಣ್ಣದಾಗಿ, ನಡುವೆ ಬರಬೇಕು.

ಜೋಡಿಸುವಾಗ ನಮ್ಮ ಊರಿನ ಶತ್ರು ಧೂಳು. ಅದಿರಿನ ನುಣುಪು ಕೆಂಪು ಧೂಳು ಗ್ರೀಸ್ ಸವರಿದ ಲೋಬಿನ ಮೇಲೆ ಕೂತರೆ ಮರಳುಕಾಗದವೇ. ಕ್ಯಾಮನ್ನು ಪ್ಲಾಸ್ಟಿಕ್ಕಿನಿಂದ ತೆಗೆದ ತಕ್ಷಣ ಒಳಗೆ ಸೇರಿಸುವುದು, ಅರ್ಧಕ್ಕೆ ಬಿಟ್ಟರೆ ಬ್ಲಾಕ್ ಪೂರ್ತಿ ಮುಚ್ಚುವುದು. ಕ್ಯಾಮ್ ನೂಕುವಾಗ ಮುಂಬದಿಗೆ ಉದ್ದ ಬೋಲ್ಟ್ ಹಾಕಿ ಹಿಡಿಕೆ ಮಾಡಿಕೊಂಡರೆ ಬೇರಿಂಗಿಗೆ ಗೀರು ಬೀಳುವುದಿಲ್ಲ.

ನೀರಿಗಿಳಿಸಿದ ಮೇಲೆ

ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಕೋಣೆಯ ಫ್ಯಾನ್ ನಾಲ್ಕು ನಿಮಿಷ. ಕಾರ್ಬುರೇಟರಿನ ಮೇಲೆ ಫ್ಲೇಮ್ ಅರೆಸ್ಟರ್, ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಕಿಡಿ ಹೊರಬಿಡದ ದೋಣಿಯ ಮಾದರಿಯವೇ. ಕಾರಿನವು ಅಗ್ಗವೆಂದು ಹಾಕುವುದು ಬೆಂಕಿಗೆ ಆಹ್ವಾನ. ಗಾಳಿ-ಪೆಟ್ರೋಲ್ ಅಳೆಯುವ ಸೆನ್ಸರ್ ರೈಸರಿನ ಒಣ ಭಾಗದಲ್ಲಿರಬೇಕು, ನೀರಿನ ಹನಿ ಬಿದ್ದರೆ ಒಡೆಯುತ್ತದೆ. ರೈಸರಿನ ತುದಿ ನೀರಿನ ಮಟ್ಟಕ್ಕಿಂತ 330 ಮಿ.ಮೀ. ಮೇಲೆ ಇಟ್ಟದ್ದು, ದೋಣಿಯಲ್ಲಿ ಪೂರ್ತಿ ಜನ ಕೂತಾಗ ಅಳೆದು.

ಐಡಲ್ 675ರಲ್ಲಿ ನಿಂತಿತು, ಗೇರ್ ಸದ್ದಿಲ್ಲದೆ ಬೀಳುತ್ತದೆ. ವ್ಯಾಕ್ಯೂಮ್ 15 ಇಂಚು. ಈ ಎತ್ತರದಲ್ಲಿ ಸಮುದ್ರಮಟ್ಟದ ಓದಿಗಿಂತ ಒಂದೂವರೆ ಇಂಚು ಕಡಿಮೆ ಬರುವುದು ಸಹಜ. 21 ಪಿಚ್ಚಿನ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗಬೇಕಾದ ಇಂಚು) ಹಳೆಯ ಪ್ರೊಪೆಲ್ಲರಿನಲ್ಲಿ ಪೂರ್ತಿ ಹೊರೆಯೊಂದಿಗೆ 4,250ಕ್ಕೆ ನಿಂತುಬಿಟ್ಟಿತು. ಬೂಸ್ಟ್ ಇರುವ ಎಂಜಿನ್ನನ್ನು ಹೀಗೆ ಕೆಳಗಿನ ಆರ್‌ಪಿಎಂನಲ್ಲಿ ಒತ್ತಿ ಹಿಡಿಯುವುದೇ ನಾಕಿಂಗಿಗೆ ದಾರಿ. 19 ಪಿಚ್ ಹಾಕಿದ ಮೇಲೆ 4,600, ಬೂಸ್ಟ್ 5.5. ಪಿಚ್ ಒಂದು ಇಂಚಿಗೆ 150–200 ಆರ್‌ಪಿಎಂ ಎಂಬ ರೂಢಿಯ ಲೆಕ್ಕ ತಪ್ಪಲಿಲ್ಲ. ಐಡಲ್‌ನಲ್ಲಿ ಚೆನ್ನಾಗಿ ಓಡಿಸಿ ರೈಸರ್ ಬಿಚ್ಚಿ ನೋಡಿದಾಗ ಒಣ ಭಾಗದಲ್ಲಿ ಮಸಿ ಸಮನಾಗಿ ಕೂತಿತ್ತು, ತೊಳೆದ ಗೆರೆ ಇಲ್ಲ. ಈ ತಪಾಸಣೆಯನ್ನು ಮೊದಲ ತಿಂಗಳಲ್ಲಿ ಇನ್ನೊಮ್ಮೆ ಮಾಡಬೇಕು, 5 ಮತ್ತು 7ರ ಪ್ಲಗ್ ಕಡ್ಡಾಯವಾಗಿ ಬಿಚ್ಚಿ ನೋಡಬೇಕು. ಹೂಳು ತುಂಬಿದ ನೀರಾದ್ದರಿಂದ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಬೇಗ ಸವೆಯುತ್ತದೆ, ಅದರ ಮೇಲೂ ಕಣ್ಣಿರಲಿ.

ಬೇಸಿಗೆಯಲ್ಲಿ ಜಲಾಶಯ ಇಳಿದು ದೋಣಿ ತಿಂಗಳುಗಟ್ಟಲೆ ಟ್ರೇಲರ್ ಮೇಲೆ ನಿಲ್ಲುತ್ತದೆ. ರೋಲರ್ ಟ್ಯಾಪೆಟ್ಟಿನ ಸೂಜಿ ಬೇರಿಂಗಿಗೆ ತುಕ್ಕು ಹಿಡಿಯುವುದು ಆಗಲೇ. ನಿಲ್ಲಿಸುವ ಮೊದಲು ಬಿಸಿಯಿರುವಾಗ ಆಯಿಲ್ ಬದಲಿಸಿ, ಟ್ಯಾಂಕ್ ಖಾಲಿ ಮಾಡಿ, ಪ್ಲಗ್ ರಂಧ್ರದಿಂದ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ. ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ, ಇಗ್ನಿಷನ್ ಕಿತ್ತಿಟ್ಟು, ಆಯಿಲ್ ಒತ್ತಡ ಬರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ; ಕ್ಯಾಮ್ ನಿಂತ ಜಾಗ ಬದಲಾಗಿ ಅದೇ ಸ್ಪ್ರಿಂಗುಗಳು ಒತ್ತಿದ ಸ್ಥಿತಿಯಲ್ಲೇ ಉಳಿಯುವುದಿಲ್ಲ.